ಇಪ್ಪತ್ತು ಸಾವಿರ ಕೊಲೆ ಮಾಡಿದ ನಮ್ಮಕ್ಕ

ನಮ್ಮ ಅಕ್ಕ ಕೊಲೆಗಾತಿ!

ಇದು ನಾನು ಹೊರಿಸುವ ಆರೋಪವಲ್ಲ, ಅವಳೇ ಬಾಯಿಬಿಟ್ಟು ಒಪ್ಪಿಕೊಂಡದ್ದು. ಅದೂ ಒಂದು ಸಲವಲ್ಲ, ವರ್ಷಕ್ಕೆ ಐದಾರು ಸಲ. ಪೊಲೀಸಿನವರ ಮುಂದಲ್ಲ, ನಮ್ಮ ಚರ್ಚಿನ ಗುರುಗಳ ಮುಂದೆ, ಮೊಣಕಾಲೂರಿಕೊಂಡು! ಒಂದೊಂದು ಸಲಕ್ಕೆ ಇಪ್ಪತ್ತು ಸಾವಿರ ಜೀವ. ಅವಳ ಆಯಸ್ಸಿನ ಕೊಲೆಗಳನ್ನೆಲ್ಲ ಒಟ್ಟು ಹಾಕಿದರೆ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಖಾಲಿಯಾಗಿ, ಸಾಲದೆ ಬಂದದ್ದಕ್ಕೆ ಚಾಮರಾಜನಗರದಿಂದ ಜನ ತರಿಸಬೇಕಾಗುತ್ತದೆ. ಇಷ್ಟಾದರೂ ಆಕೆ ಇವತ್ತಿಗೂ ನಮ್ಮ ಹಿತ್ತಿಲಲ್ಲಿ ಸೆರಗು ಸಿಕ್ಕಿಸಿಕೊಂಡು ಆರಾಮಾಗಿ ಸೊಪ್ಪು ಕುಯ್ಯುತ್ತಿದ್ದಾಳೆ!

ಗಾಬರಿಯಾಗಬೇಡಿ. ಸತ್ತದ್ದು ರೇಷ್ಮೆ ಹುಳ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಹೋದ ತಿಂಗಳು ನನ್ನ ಮೊಮ್ಮಗಳು ಸಹನಾ ಮೊದಲ ಪರಮಪ್ರಸಾದ ತೆಗೆದುಕೊಂಡಳು. ನನಗೆ ಅವತ್ತಿನಿಂದ ಹೊಟ್ಟೆಯಲ್ಲಿ ಸಂತೋಷ ನಿಲ್ಲುತ್ತಿಲ್ಲ. ಹಾಲಿನ ಡೈರಿಯಲ್ಲಿ ಹೇಳಿದೆ. ಮಧುವನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಮಂಡಿನೋವಿಗೆ ಸೂಜಿ ಹಾಕುವ ಡಾಕ್ಟರಿಗೂ ಹೇಳಿದೆ. "ತಾತ, ನಾನು ಕೇಳಿದ್ದು ಎಲ್ಲಿ ನೋಯುತ್ತೆ ಅಂತ" ಎಂದರು ಅವರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕಾಗದ ಹಿಡಿದಿದ್ದೇನೆ, ಯಾಕೆಂದರೆ ಬಾಯಿಂದ ಹೇಳುವುದಕ್ಕೆ ಊರಿನಲ್ಲಿ ಇನ್ನು ಯಾರೂ ಉಳಿದಿಲ್ಲ!

ನಮ್ಮ ಊರಿನಲ್ಲಿ ಕ್ರೈಸ್ತರ ಮನೆ ಒಂದು ಹಿಡಿಯಷ್ಟು. ಹಾಗಾಗಿ ಗೊತ್ತಿಲ್ಲದವರಿಗೆ ಎರಡು ಮಾತು. ಭಾನುವಾರದ ಬಲಿಪೂಜೆಯಲ್ಲಿ ಗುರುಗಳು ಕೊಡುವ ಪುಟ್ಟ ಬಿಳಿ ರೊಟ್ಟಿಯೇ ಪರಮಪ್ರಸಾದ. ಅದು ನಮಗೆ ಸಾಕ್ಷಾತ್ ಯೇಸುಸ್ವಾಮಿ. ದೊಡ್ಡ ಪಾಪ ಮಾಡಿದವರು ಅದನ್ನು ತೆಗೆದುಕೊಳ್ಳುವ ಮುಂಚೆ ಗುರುಗಳ ಹತ್ತಿರ ಕಿವಿಯಲ್ಲಿ ಪಾಪ ಹೇಳಿಕೊಂಡು ಕ್ಷಮೆ ಪಡೆಯಬೇಕು. ಅದಕ್ಕೆ ಪಾಪನಿವೇದನೆ ಎನ್ನುತ್ತಾರೆ. ಸಣ್ಣಪುಟ್ಟದ್ದಾದರೆ ಪೂಜೆ ಶುರುವಾದಾಗ ಎಲ್ಲರೂ ಎದೆ ತಟ್ಟಿಕೊಂಡು ತಪ್ಪೊಪ್ಪಿಕೊಳ್ಳುತ್ತಾರಲ್ಲ, ಅಲ್ಲಿಗೆ ಮನಸ್ಸಾರೆ ಮರುಗಿದರೆ ಆಯಿತು. ಆದರೂ ಆಗಾಗ ಹೋಗಿ ಹೇಳಿಕೊಳ್ಳುವುದು ಒಳ್ಳೆಯದು. ನಿಯಮ ಇಷ್ಟೇ.

ಆದರೆ ಯಾವುದು ದೊಡ್ಡದು, ಯಾವುದು ಸಣ್ಣದು, ಯಾವಾಗ ಹೋಗಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ. ನಾನು ವರ್ಷಕ್ಕೊಂದು ಸಲದ ಆಸಾಮಿ. ಈಸ್ಟರ್ ಹಬ್ಬದ ಮುಂಚೆ ಹೋಗುತ್ತೇನೆ. ನನ್ನವು ಮೂರೇ ಪಾಪ. ಎಷ್ಟು ಜನ ಗುರುಗಳು ಬಂದು ಹೋದರೂ ಆ ಮೂರು ಬದಲಾಗಿಲ್ಲ. ಅದರಲ್ಲಿ ಮೂರನೆಯದು ಸೋಮಾರಿತನ. ಅಕ್ಕನ ಹುಳಕ್ಕೆ ಸೊಪ್ಪಿನ ಹೊರೆ ಹೊರಬೇಕಾದಾಗ ಮಾತ್ರ ನನ್ನ ಮಂಡಿ ನೋಯುತ್ತದೆ. ಹೊರೆ ಇಳಿಸಿದ ಸುದ್ದಿ ಬಂದ ತಕ್ಷಣ ನೆಟ್ಟಗಾಗುತ್ತದೆ!

ಅಕ್ಕನ ಅಳತೆ ಬೇರೆ. ಪರಮಪ್ರಸಾದ ತೆಗೆದುಕೊಳ್ಳಬೇಕೇ? ಹಾಗಾದರೆ ಹಿಂದಿನ ಸಂಜೆ ಪಾಪನಿವೇದನೆ ಆಗಲೇಬೇಕು. ಪ್ರತಿ ಸಲ. ಐವತ್ತು ವರ್ಷ ಒಂದು ಸಲವೂ ತಪ್ಪಿರಲಿಲ್ಲ. ಒಂದು ಬೆಳೆಯ ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದಳೆಂದರೆ ಅಂದಿನ ಪಟ್ಟಿಯಲ್ಲಿ ಮೊದಲನೆಯದು ಕೊಲೆ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಯಾರಿಗೂ ಹೇಳುವಂತಿಲ್ಲ. ನಮ್ಮಕ್ಕ ಹೇಳದೆ ಇರುವಂತಿಲ್ಲ! ಅವಳಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅವಳ ಪಿಸುಮಾತು ಹಿಂದಿನ ಸಾಲಿನ ಬೆಂಚಿನವರೆಗೂ ಕೇಳುತ್ತದೆ. ಉಳಿದದ್ದನ್ನು ಮನೆಗೆ ಬಂದು ಅವಳೇ ಒಪ್ಪಿಸುತ್ತಾಳೆ. ಈಗಿರುವ ಗುರುಗಳು ಯಳಂದೂರಿನ ಕಡೆಯಿಂದ ಹೊಸದಾಗಿ ಬಂದಾಗ ನಡೆದದ್ದು ನನಗೆ ಗೊತ್ತಾದದ್ದು ಹಾಗೆಯೇ.

"ಸಾಮಿ, ನಾನು ಕೊಲೆ ಮಾಡಿವ್ನಿ" ಎಂದಳಂತೆ ಅಕ್ಕ.

ಆ ಕಡೆಯ ಕಿವಿ ಇನ್ನಷ್ಟು ಹತ್ತಿರ ಬಂತಂತೆ. ಪಾಪ, ಎಳೆಯ ಗುರುಗಳು.

"ಯಾರನ್ನಮ್ಮ?"

"ಎಸ್ರು ಗೊತ್ತಿಲ್ಲ ಸಾಮಿ. ಇಪ್ಪತ್ತು ಸಾವ್ರ."

ಸಾಲಿನಲ್ಲಿ ನಿಂತಿದ್ದವರು ಹೇಳುವ ಪ್ರಕಾರ, ಒಳಗೆ ಕುರ್ಚಿ ಕಿರ್ರೆಂದಿತು. ಹುಳದ ಸುದ್ದಿ ಎಂದು ಗೊತ್ತಾದ ಮೇಲೆ ಗುರುಗಳು ಸಮಾಧಾನವಾಗಿ ತಿಳಿಹೇಳಿದರಂತೆ. ಬೆಳೆ ಬೆಳೆದು ಬದುಕುವುದು ಪಾಪವಲ್ಲ. ಅಲ್ಲದೆ ನೀವು ಕೊಲ್ಲುವುದೂ ಇಲ್ಲ, ಗೂಡು ಮಾರುತ್ತೀರಿ ಅಷ್ಟೇ. ಬೇಯಿಸಿ ನೂಲು ತೆಗೆಯುವವರು ಬೇರೆ.

ಅದಕ್ಕೆ ನಮ್ಮಕ್ಕ ಕೊಟ್ಟ ಉತ್ತರ ಕೇಳಿ!

"ಸಾಮಿ, ಯೇಸುಸಾಮಿಗೆ ಮೊಳೆ ಒಡ್ದವರು ಸಿಪಾಯಿಗಳು. ಸಾಯ್ಸೋಕೆ ಒಪ್ಪಿಸ್ದ ಅಧಿಕಾರಿ ಪಿಲಾತ ನಂಗೇನೂ ಗೊತ್ತಿಲ್ಲ ಅಂತ ಕೈ ತೊಳಕಂಡ. ನಾನೂ ಕೈ ತೊಳಕಳ್ಳದಾ?"

ಗುರುಗಳು ಮೂರು ಪ್ರಾರ್ಥನೆ ಪ್ರಾಯಶ್ಚಿತ್ತ ಕೊಟ್ಟು ಕಳಿಸಿದರಂತೆ. ಅಕ್ಕನಿಗೆ ಅದೂ ಅಸಮಾಧಾನ. "ಇಪ್ಪತ್ತು ಸಾವ್ರಕ್ಕೆ ಮೂರೇನ್ಲಾ? ಮೊದ್ಲಿದ್ದ ಸಾಮಿ ಐದು ಕೊಡೋರು" ಎಂದು ಮನೆಗೆ ಬಂದು ಗೊಣಗಿದಳು.

ಅದೇ ಗುರುಗಳು ಮನೆ ಆಶೀರ್ವಾದಕ್ಕೆ ಬಂದರು. ಧೂಪದ ಬಟ್ಟಲು, ತೀರ್ಥದ ಪಾತ್ರೆ, ಹಿಂದೆ ಹಾಡುವ ಹೆಂಗಸರು. ಅಡುಗೆಮನೆ ಆಯಿತು, ಹಜಾರ ಆಯಿತು, ಹುಳದ ಮನೆಯ ಬಾಗಿಲಿಗೆ ಬಂದರೆ ಅಕ್ಕ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದಾಳೆ!

"ಸಾಂಬ್ರಾಣಿ ಆಚೆ ಮಡಗಿ ಸಾಮಿ. ಒಗೆ ಓದ್ರೆ ಉಳ ಕೆಡ್ತವೆ."

ಧೂಪ ಆಚೆ ಹೋಯಿತು.

"ಆ ನೀರು ಎಲ್ಲೀದು? ಕೊಳಾಯೀದಾ?"

"ಅಮ್ಮ, ಇದು ಪವಿತ್ರ ನೀರು."

"ಪವಿತ್ರ ಸರಿ ಸಾಮಿ, ಆದ್ರೆ ಸೊಪ್ಪಿನ ಮ್ಯಾಲೆ ನೀರು ಬಿದ್ರೆ ಉಳುಕ್ಕೆ ರೋಗ ಬತ್ತದೆ. ಗ್ವಾಡೆಗೆ ಚಿಮುಕ್ಸಿ. ಮೊದ್ಲು ಕಾಲು ತೊಳಕಂಡು ಆ ಸುಣ್ಣದ ಪುಡಿ ತುಳುದು ಬನ್ನಿ."

ಗುರುಗಳು ನಗುತ್ತಾ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸುಣ್ಣ ತುಳಿದು, ಬಿಳಿ ಪಾದದಲ್ಲಿ ಒಳಗೆ ಹೋದರು. ಹೊರಗೆ ಬರುವಾಗ ಅಕ್ಕನಿಗೆ ಅದೇ ಪಾಠ ಮತ್ತೊಮ್ಮೆ ಹೇಳಿದರು. ಪ್ರತಿ ಭಾನುವಾರಕ್ಕೂ ಪಾಪನಿವೇದನೆ ಕಡ್ಡಾಯವಲ್ಲ, ದೊಡ್ಡ ಪಾಪವಿದ್ದರೆ ಮಾತ್ರ ಎಂದು. ಅಕ್ಕ ಅವರ ಪಾದವನ್ನೇ ನೋಡುತ್ತಾ, "ಉಳದ ಮನೆಗೆ ಬರೋಕೆ ಇಷ್ಟು ತೊಳ್ದ್ರಿ. ನಾನು ದೇವ್ರ ತಾವ್ಕೆ ಓಯ್ತೀನಿ ಸಾಮಿ" ಎಂದಳು.

ಅವತ್ತಿನಿಂದ ಗುರುಗಳು ಆ ಪಾಠ ಎತ್ತಿಲ್ಲ.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಶನಿವಾರ ಸಂಜೆ ತೊಳೆದದ್ದು ಭಾನುವಾರ ಬೆಳಿಗ್ಗೆಯವರೆಗೆ ಕೊಳೆಯಾಗದೆ ಇರಬೇಕಲ್ಲ! ಅಕ್ಕ ಯೋಚನೆ ಮಾಡಿ ಮೂಲ ಕಂಡುಹಿಡಿದಿದ್ದಳು. ಹುಳದ್ದು ಬಿಟ್ಟರೆ ಅವಳ ಪಾಪಗಳೆಲ್ಲ ಹುಟ್ಟುವುದು ಬಾಯಲ್ಲಿ. ಹಾಗಾಗಿ ಪಾಪನಿವೇದನೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿದಳೆಂದರೆ ಬಾಯಿಗೆ ಬೀಗ. ಮರುದಿನ ಪರಮಪ್ರಸಾದ ತೆಗೆದುಕೊಳ್ಳುವವರೆಗೆ ಒಂದು ಮಾತಿಲ್ಲ!

ನಮ್ಮ ಮನೆಯವರಿಗೆ ಇದು ದೇವರು ಕೊಟ್ಟ ವರ. ಕೆಟ್ಟ ಸುದ್ದಿಗೆಲ್ಲ ಶನಿವಾರ ಸಂಜೆಯೇ ಮುಹೂರ್ತ. ನನ್ನ ಮಗ ಹಳೆಯ ಎತ್ತು ಮಾರಿದ್ದನ್ನು ಹೇಳಿದ್ದು ಶನಿವಾರ ಸಂಜೆ. ನಾನು ಅವಳ ಕುಡುಗೋಲು ಕಳೆದದ್ದನ್ನು ಒಪ್ಪಿಕೊಂಡದ್ದು ಶನಿವಾರ ಸಂಜೆ. ನನ್ನ ಹೆಂಡತಿಯಂತೂ ಸಾರಿಗೆ ಉಪ್ಪು ಹೆಚ್ಚಾದ ದಿನ, "ಅಯ್ಯೋ, ಇವತ್ತು ಶನಿವಾರ ಆಗಬಾರದಿತ್ತಾ" ಎಂದು ಕ್ಯಾಲೆಂಡರ್ ನೋಡುತ್ತಾಳೆ.

ಪಕ್ಕದ ಮನೆಯ ಮಾದಪ್ಪನ ಮೇಕೆಗೂ ಈ ವಾರದ ಲೆಕ್ಕ ತಿಳಿದಿತ್ತು. ಇದು ಸುಳ್ಳಲ್ಲ! ಒಂದು ಭಾನುವಾರ ಬೆಳಿಗ್ಗೆ ಅದು ನಮ್ಮ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ, ಎಳೆಯ ಸೊಪ್ಪನ್ನೇ ಆರಿಸಿ ಆರಿಸಿ ತಿನ್ನುತ್ತಿತ್ತು. ಅಕ್ಕ ಬದುವಿನ ಮೇಲೆ ನಿಂತಿದ್ದಾಳೆ. ಮುಖ ಕೆಂಪಗಾಗಿದೆ. ಬಾಯಿ ತೆರೆಯುವಂತಿಲ್ಲ. ಏನು ಮಾಡಿದಳು? ಸೊಂಟದಿಂದ ಜಪಮಾಲೆ ತೆಗೆದು, ಮೇಕೆಯ ಮುಖಕ್ಕೆ ಮುಖ ಕೊಟ್ಟು, ಊರಿಗೆ ಕೇಳುವ ಹಾಗೆ ಜಪ ಶುರು ಮಾಡಿದಳು! ಒಂದೊಂದು ಮಣಿಗೂ ಒಂದೊಂದು ಹೆಜ್ಜೆ ಮುಂದೆ. ಐದನೇ ಮಣಿಗೆ ಮೇಕೆ ಬೇಲಿ ಹಾರಿತು.

ಪೂಜೆ ಮುಗಿಯಿತು. ಪರಮಪ್ರಸಾದ ಆಯಿತು. ಮನೆಗೆ ಬಂದವಳೇ ಬೇಲಿಯ ಹತ್ತಿರ ನಿಂತು ಕೂಗಿದಳು.

"ಬಾರ್ಲಾ ಮಾದಪ್ಪ ಈಗ ಇತ್ಲಾಗೆ! ಪೂಜೆ ಮುಗೀತು!"

ಮಾದಪ್ಪ ಮನೆಯೊಳಗಿಂದಲೇ ಉತ್ತರ ಕೊಟ್ಟ. "ಅಕ್ಕೋ, ಇನ್ನೊಂದ್ಸಲ ಸಾಮಿ ತಾವ್ಕೆ ಓಗಿದ್ದು ಬಾ, ಆಮೇಕೆ ಬತ್ತೀನಿ!"

ಇಂಥ ಅಕ್ಕನ ಕೈಗೆ ನನ್ನ ಮೊಮ್ಮಗಳು ಸಿಕ್ಕಿದಳು.

ಮೊದಲ ಪರಮಪ್ರಸಾದಕ್ಕೆ ಮುಂಚೆ ಮಕ್ಕಳು ಮೊದಲ ಪಾಪನಿವೇದನೆ ಮಾಡಬೇಕು. ಚರ್ಚಿನಲ್ಲಿ ಸಿಸ್ಟರ್ ಚೆನ್ನಾಗಿಯೇ ಕಲಿಸಿದ್ದರು. ಬೇಕೆಂದು ಮಾಡಿದ ತಪ್ಪು ಮಾತ್ರ ಪಾಪ, ಗೊತ್ತಿಲ್ಲದೆ ಆದದ್ದಲ್ಲ ಎಂದು ಹಾಡು ಕಟ್ಟಿ ಹೇಳಿಕೊಟ್ಟಿದ್ದರು. ಆದರೆ ಮನೆಯಲ್ಲಿ ಐವತ್ತು ವರ್ಷದ ಅನುಭವಸ್ಥೆ ಇರುವಾಗ ಮಗು ಸುಮ್ಮನೆ ಇರುತ್ತದೆಯೇ? "ದೊಡ್ಡಜ್ಜಿ, ನಂಗೆ ಪ್ರಾಕ್ಟೀಸ್ ಮಾಡ್ಸು" ಎಂದು ಗಂಟುಬಿದ್ದಳು.

ಅಕ್ಕ ಒಂದು ಚಂದ್ರಿಕೆ ಎತ್ತಿ ತಂದು ಗೋಡೆಗೆ ಒರಗಿಸಿದಳು. ಹಣ್ಣಾದ ಹುಳ ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ದೊಡ್ಡ ತಟ್ಟೆ ಅದು. ಅದರ ಹೆಣಿಗೆಯ ಸಂದಿಯಲ್ಲಿ ನೋಡಿದರೆ ಥೇಟು ಚರ್ಚಿನ ಪಾಪನಿವೇದನೆ ಪೆಟ್ಟಿಗೆಯ ಜಾಲರಿಯೇ! ಆ ಕಡೆ ಅಕ್ಕ ಕುಕ್ಕರಗಾಲಲ್ಲಿ. ಈ ಕಡೆ ಸಹನಾ ಮೊಣಕಾಲಲ್ಲಿ. ನಾನು ಬಾಗಿಲ ಹಿಂದೆ ಬಾಯಿಗೆ ಟವಲು ಒತ್ತಿಕೊಂಡು.

"ಏಳವ್ವ, ಏನೇನು ಪಾಪ ಮಾಡಿದಿಯೆ?"

"ಅಮ್ಮನ ಫೋನ್ ನೋಡ್ದೆ."

"ಮುಂದ್ಕೆ?"

"ಹೋಮ್‌ವರ್ಕ್ ಆಯ್ತು ಅಂತ ಸುಳ್ಳು ಹೇಳ್ದೆ."

"ಮುಂದ್ಕೆ?"

"ಅಷ್ಟೇ."

"ಎರಡೇಯಾ? ಇಷ್ಟು ಕಮ್ಮಿ ಪಾಪ ತಕಂಡು ಓದ್ರೆ ಸಾಮಿ ಏನಂದಾರು? ಗೆಪ್ತಿ ಮಾಡ್ಕ."

ಮಗು ಕಣ್ಣು ಮುಚ್ಚಿ ಯೋಚಿಸಿತು. "ತಾತನ ಬೆಲ್ಲ ತಿಂದೆ."

ಟವಲಿನ ಹಿಂದೆ ನನ್ನ ನಗು ನಿಂತಿತು. ಆ ಬೆಲ್ಲವನ್ನು ಇಲಿ ತಿಂದಿತೆಂದು ನಾನು ಬೋನು ಇಟ್ಟಿದ್ದೆ!

ಆಮೇಲೆ ಸಹನಾ ಸಣ್ಣ ದನಿಯಲ್ಲಿ ಕೇಳಿದಳು. "ದೊಡ್ಡಜ್ಜಿ, ನಾನೂ ಹುಳಕ್ಕೆ ಸೊಪ್ಪು ಹಾಕಿದೀನಲ್ಲ. ಕೊಲೆ ನಂಗೂ ಬರುತ್ತಾ?"

ಅಕ್ಕ ಚಂದ್ರಿಕೆಯ ಆ ಕಡೆಯಿಂದ, "ಇಲ್ಲ ಕಣವ್ವ, ಅದು ದೊಡ್ಡವ್ರದು" ಎಂದು ಹೇಳಿ ಎದ್ದುಬಿಟ್ಟಳು. ಮಗುವಿಗೆ ಅದು ಸಾಕಾಗಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಚರ್ಚಿನಲ್ಲಿ ಮೊದಲ ಪರಮಪ್ರಸಾದಕ್ಕೆ ಮಗುವಿನ ಎರಡು ಕಡೆ ಇಬ್ಬರು ದೊಡ್ಡವರು ನಡೆಯುತ್ತಾರೆ. ಮೂವರೂ ಒಟ್ಟಿಗೆ ಪ್ರಸಾದ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅಪ್ಪ ಅಮ್ಮ. ನಮ್ಮ ಸಹನಾ ಏನೆಂದಳು ಗೊತ್ತೇ? "ಒಂದ್ ಕಡೆ ಅಮ್ಮ, ಒಂದ್ ಕಡೆ ದೊಡ್ಡಜ್ಜಿ." ನನ್ನ ಮಗ ಹುಬ್ಬು ಗಂಟಿಕ್ಕಿದ. ನಾನು ಮಾತ್ರ ಕುಣಿದಾಡಿದೆ. ಅಕ್ಕ ಸೀದಾ ಹುಳದ ಮನೆಗೆ ಹೋದಳು. ಅವಳಿಗೆ ಸಂತೋಷವಾದರೆ ಹೋಗುವುದು ಅಲ್ಲಿಗೇ.

ಆದರೆ ಹುಳಕ್ಕೆ ನಮ್ಮ ಹಬ್ಬ ಗೊತ್ತೇ? ಮಕ್ಕಳ ಪಾಪನಿವೇದನೆಯ ಶನಿವಾರ ಮಧ್ಯಾಹ್ನ ಸರಿಯಾಗಿ ಹಣ್ಣಾದವು! ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿಕೊಂಡು ಜಾಗ ಹುಡುಕತೊಡಗಿದವು. ಹಣ್ಣಾದ ಹುಳ ಒಂದು ಗಳಿಗೆ ಕಾಯುವುದಿಲ್ಲ, ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ದಂಡ. ಮನೆಮಂದಿಯೆಲ್ಲ ಆರಿಸಿ ಆರಿಸಿ ಬಿಟ್ಟೆವು. ನಾನೂ ಬಿಟ್ಟೆ, ಮಂಡಿ ನೋವಿನ ನೆಪ ಅವತ್ತು ನಡೆಯಲಿಲ್ಲ. ಸಹನಾ ಅವಳಮ್ಮನ ಜೊತೆ ಚರ್ಚಿಗೆ ಹೋಗಿ, ಪಾಪ ಹೇಳಿ, ಗರಿಯಂತೆ ಹಗುರಾಗಿ ಬಂದಳು. ಅಕ್ಕನಿಗೆ ಹೋಗಲಾಗಲಿಲ್ಲ. ಪಾಪನಿವೇದನೆ ಇಲ್ಲದ ಮೇಲೆ ಮೌನವೂ ಇಲ್ಲ. ಅವತ್ತು ಸಂಜೆ ಅವಳು ನಮ್ಮನ್ನೆಲ್ಲ ಬೈದದ್ದರಲ್ಲಿ ಹಿಂದಿನ ಎಷ್ಟೋ ಶನಿವಾರಗಳ ಬಾಕಿಯೂ ತೀರಿತು.

"ದೊಡ್ಡಜ್ಜಿ, ಮತ್ತೆ ನಾಳೆ ನನ್ ಜೊತೆ?" ಎಂದಳು ಸಹನಾ.

"ಬೆಳಿಗ್ಗೆ ಪೂಜೆಗೆ ಮುಂಚೆ ಸಾಮಿ ಕುಂತಿರ್ತಾರೆ. ಓಗಿ ಏಳ್ಬುಟ್ಟು ಬತ್ತೀನಿ ಕಣವ್ವ. ನನ್ನೇ ನಂಬು" ಎಂದಳು ಅಕ್ಕ.

ಭಾನುವಾರ ಬೆಳಗಾಯಿತು. ಶಾಗ್ಯದಿಂದ ಬೀಗರು ಬಂದರು. ಕೊಳ್ಳೇಗಾಲದ ಟೈಲರು ಹೊಲಿದ ಬಿಳಿ ಗೌನು, ತಲೆಗೆ ಬಿಳಿ ಹೂವಿನ ಬಳೆ, ಬಿಳಿ ಶೂಸು. ನನ್ನ ಮೊಮ್ಮಗಳು ಥೇಟು ರೇಷ್ಮೆ ಗೂಡಿನ ಹಾಗೆ ಕಾಣುತ್ತಿದ್ದಳು! ನಾನು ಅವಳನ್ನು ಮೂರು ಸುತ್ತು ತಿರುಗಿಸಿ ನೋಡಿದೆ. ಅಷ್ಟರಲ್ಲಿ ಮಾದಪ್ಪನ ಮೇಕೆ ಭಾನುವಾರವೆಂಬ ಧೈರ್ಯದ ಮೇಲೆ ತೋಟಕ್ಕೆ ನುಗ್ಗಿತು. ಈ ಭಾನುವಾರ ಅಕ್ಕನ ಬಾಯಿಗೆ ಬೀಗವಿಲ್ಲವೆಂಬುದು ಅದಕ್ಕೆ ತಿಳಿದಿರಲಿಲ್ಲ. ಮೇಕೆಗೆ ಒಂದು ಪಾಲು, ಮಾದಪ್ಪನಿಗೆ ಮೂರು ಪಾಲು, ಅವನ ಅಜ್ಜನಿಗೆ ಒಂದು ಪಾಲು, ಹೀಗೆ ಬೈಗುಳ ಹಂಚಿದಳು.

ಆ ಗಲಾಟೆಯಲ್ಲಿ ಸಹನಾ ಹುಳದ ಮನೆಗೆ ಹೋಗಿದ್ದಾಳೆ, ಗೂಡು ಕಟ್ಟುವ ಹುಳಗಳಿಗೆ ತನ್ನ ಗೌನು ತೋರಿಸಲು! ಒಂದು ಹುಳ ಚಂದ್ರಿಕೆಯಿಂದ ಬಿದ್ದು ನೆಲದ ಮೇಲೆ ಹರಿಯುತ್ತಿತ್ತಂತೆ. ಬಿಳಿ ಶೂಸು ಅದರ ಮೇಲೆ ಬಿತ್ತು.

ಕಿರುಚಿಕೊಂಡಳು. ಓಡಿದೆವು. ಶೂಸು ತೊಳೆದೆವು, ಮುಖ ಒರೆಸಿದೆವು, ಆಟೋ ಹತ್ತಿಸಿದೆವು. ಚರ್ಚು ತಲಪುವಷ್ಟರಲ್ಲಿ ಗಂಟೆ ಹೊಡೆದಾಗಿತ್ತು. ಮಕ್ಕಳು ಮೇಣದಬತ್ತಿ ಹಿಡಿದು ಅಂಗಳದಲ್ಲಿ ಸಾಲುಗಟ್ಟಿದ್ದರು. ಗುರುಗಳು ಪೂಜೆಯ ಉಡುಪು ಧರಿಸಿ ಬಾಗಿಲಿಗೆ ಬಂದಿದ್ದರು. ಅಕ್ಕನ ಪಾಪನಿವೇದನೆಗೆ ಹೊತ್ತು ಮೀರಿತ್ತು.

ಸಹನಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ನಾನು ತಗೊಳ್ಳಲ್ಲ. ನಾನು ಕೊಲೆ ಮಾಡಿದೀನಿ."

ಅವಳಮ್ಮ ಹೇಳಿದಳು. ಸಿಸ್ಟರ್ ಹೇಳಿದರು. ನಾನು ಐಸ್‌ಕ್ರೀಮಿನ ಆಸೆ ತೋರಿಸಿದೆ, ಪರಮಪ್ರಸಾದಕ್ಕೆ ಲಂಚ ಕೊಟ್ಟ ಮೊದಲ ತಾತ ನಾನೇ ಇರಬೇಕು! ಏಳಲಿಲ್ಲ. ಹೂವಿನ ಬಳೆ ಜಾರಿ ಕಿವಿಗೆ ಬಂದಿತ್ತು. ಇವತ್ತು ಹೀಗೆ ಹೆದರಿದ ಮಗು ನಾಳೆ ಯಾವ ಧೈರ್ಯದಿಂದ ಆ ಪೀಠದ ಹತ್ತಿರ ಹೋದೀತು?

ಗುರುಗಳು ಬಂದು ಪಕ್ಕದಲ್ಲಿ ಬಗ್ಗಿದರು.

"ಕಂದಾ, ಬೇಕೂಂತ ತುಳಿದೆಯಾ?"

"ಇಲ್ಲ."

"ಹಾಗಾದರೆ ಅದು ಪಾಪವಲ್ಲ. ಇಲ್ಲದ ಪಾಪಕ್ಕೆ ನಾನು ಕ್ಷಮೆ ಎಲ್ಲಿಂದ ತರಲಿ?"

"ದೊಡ್ಡಜ್ಜಿಗೆ ಮಾತ್ರ ಕೊಡ್ತೀರಲ್ಲ!"

ಗುರುಗಳ ಮುಖ ಕೆಂಪಾಯಿತು. ಅವರು ಉತ್ತರ ಹೇಳುವಂತಿಲ್ಲವಲ್ಲ! ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿತು.

ಅಕ್ಕ ನಿಧಾನವಾಗಿ ಬಂದು ಮಗುವಿನ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

"ಸಾಮಿ ಏಳದು ದಿಟ ಕಣವ್ವ. ಅದು ಪಾಪ ಅಲ್ಲ."

"ಮತ್ತೆ ನೀನ್ಯಾಕೆ ಪ್ರತಿ ಸಲ ಹೇಳ್ತೀಯ?"

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಬೈಯುವಾಗ ನೋಡುವ ನೋಟ ಅಲ್ಲ.

"ನಿಮ್ ತಾತ ಇಷ್ಟುದ್ದ ಇದ್ದಾಗ ನಮ್ಮವ್ವ ತೀರ್ಕಂಡ್ಲು. ಮನೇಲಿ ಏನೂ ಇರ್ನಿಲ್ಲ. ಉಳ ಇದ್ದೋ. ಒಂದು ಬೆಳೆ ಆದ್ರೆ ಇವನ್ಗೆ ಹಾಲು, ಇನ್ನೊಂದು ಬೆಳೆ ಆದ್ರೆ ಇವನ್ಗೆ ಅಂಗಿ. ನನ್ ಕೈಲೇ ಸೊಪ್ಪು ತಿಂದು, ನನ್ ಕೈಯಿಂದ್ಲೇ ಮಾರ್ಕೆಟ್ಟಿಗೆ ಓಗ್ತಿದ್ದೋ ಕಣವ್ವ, ಇವನು ಬದುಕ್ಲಿ ಅಂತ. ಅವಕ್ಕೆ ಬಾಯಿಲ್ಲ. ಅವು ಸತ್ತೋ ಅಂತ ಯಾರ್ಗಾರ ಒಬ್ರಿಗೆ ಏಳ್ಬೇಕಲ್ಲ? ಸಾಮಿ ಪೆಟ್ಟಿಗೆ ಬುಟ್ರೆ ನಂಗೆ ಬ್ಯಾರೆ ಜಾಗ ಗೊತ್ತಿರ್ನಿಲ್ಲ."

ನಾನು ಐವತ್ತು ವರ್ಷ ಈ ಕೊಲೆಗಳನ್ನು ಹೇಳಿ ಊರನ್ನು ನಗಿಸಿದವನು. ಸತ್ತದ್ದು ನನಗೋಸ್ಕರ ಎಂದು ನನಗೆ ಗೊತ್ತಾದದ್ದು ಆ ಮೆಟ್ಟಿಲ ಮೇಲೆ.

ಸಹನಾ ಮೂಗು ಒರೆಸಿಕೊಂಡಳು. ಮಕ್ಕಳ ಬುದ್ಧಿ ನೋಡಿ! "ಪಾಪ ಅಲ್ಲ ಅಂದ್ಮೇಲೆ ನೀನೂ ಬಾ. ನೀನು ತಗೊಂಡ್ರೆ ನಾನೂ ತಗೋತೀನಿ."

ಅಕ್ಕ ಗಾಬರಿಯಾದಳು. "ನಾನಾ? ಪಾಪ ಏಳ್ದೆ ಎಂಗವ್ವ ಬರದು? ಉಳ ಬುಡು. ಬೆಳಿಗ್ಗೆ ಮಾದಪ್ಪನ್ನ ಅವನ ಅಜ್ಜನ ಗಂಟ ಬೈದಿವ್ನಿ!"

ಊಟಕ್ಕೆ ಕರೆದಿದ್ದೆವಲ್ಲ, ಮಾದಪ್ಪ ಹೊಸ ಪಂಚೆ ಉಟ್ಟುಕೊಂಡು ಅಂಗಳದ ಮರದ ಕೆಳಗೇ ನಿಂತಿದ್ದ. ಅಲ್ಲಿಂದಲೇ ಕೂಗಿದ.

"ಅಕ್ಕೋ, ನಾನು ಆಗ್ಲೇ ಮರ್ತೆ ಕಣಕ್ಕೋ! ಮೇಕೆನೂ ಮರ್ತದೆ. ನಮ್ಮಜ್ಜ ಸತ್ತು ಯಾವ ಕಾಲ ಆಯ್ತು. ನೀನು ಓಗು!"

ಗುರುಗಳು ನಗು ತಡೆದುಕೊಂಡರು. "ಅಮ್ಮ, ಇದು ಸಣ್ಣದು. ಪೂಜೆಯ ಶುರುವಿನಲ್ಲಿ ಮನಸ್ಸಾರೆ ಎದೆ ತಟ್ಟಿಕೊಳ್ಳಿ. ಸಾಕು. ನಾನು ಹೇಳುತ್ತಿದ್ದೇನೆ."

ಅಕ್ಕ ಒಂದು ಸಲ ಮಗುವಿನ ಮುಖ ನೋಡಿದಳು, ಒಂದು ಸಲ ತನ್ನ ಅಂಗೈ ನೋಡಿಕೊಂಡಳು. ಅಂಗೈ ತುಂಬ ಸೊಪ್ಪಿನ ಕರೆ. ಎದ್ದು ಚರ್ಚಿನ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು, ಕಾಲೂ ತೊಳೆದುಕೊಂಡಳು. ಬಂದು ಮಗುವಿನ ಕೈ ಹಿಡಿದಳು.

"ಏಳವ್ವ."

ಪೂಜೆಯ ಶುರುವಿನಲ್ಲಿ ಎಲ್ಲರೂ ತಪ್ಪೊಪ್ಪಿಕೊಳ್ಳುವಾಗ ಅಕ್ಕ ಎದೆ ಗುದ್ದಿಕೊಂಡ ಸದ್ದಿಗೆ ಮೂರು ಬೆಂಚಿನವರು ಹಿಂತಿರುಗಿ ನೋಡಿದರು. ಪರಮಪ್ರಸಾದದ ಹೊತ್ತು ಬಂತು. ಮಧ್ಯೆ ಬಿಳಿ ಗೌನು, ಒಂದು ಕಡೆ ಸೊಸೆ, ಒಂದು ಕಡೆ ಅಕ್ಕ. "ಕ್ರಿಸ್ತರ ಶರೀರ" ಎಂದರು ಗುರುಗಳು. ನನ್ನ ಮೊಮ್ಮಗಳು "ಆಮೆನ್" ಎಂದು ನಾಲಿಗೆ ಚಾಚಿದಳು. ಆಮೇಲೆ ಗುರುಗಳು ಅಕ್ಕನ ಮುಂದೆ ಬಂದು ಅದೇ ಮಾತನ್ನು ಅವಳ ಕಿವಿಗೆ ಕೇಳುವಂತೆ ಜೋರಾಗಿ ಹೇಳಿದರು. ಅಕ್ಕನ "ಆಮೆನ್" ಅಂಗಳದ ಮಾದಪ್ಪನಿಗೂ ಕೇಳಿಸಿತಂತೆ.

ನಾನು? ನಾನು ಕಂಬದ ಹಿಂದೆ ನಿಂತು ಹೆಣ್ಣುಮಗಳ ಹಾಗೆ ಅತ್ತೆ. ನಗಬೇಡಿ. ತಾತಂದಿರಾದ ಮೇಲೆ ನಿಮಗೂ ಗೊತ್ತಾಗುತ್ತದೆ.

ಊಟವಾದ ಮೇಲೆ ಅಕ್ಕ, ಮೊಮ್ಮಗಳು ಇಬ್ಬರೂ ಸೇರಿ ಆ ಒಂದು ಹುಳವನ್ನು ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಬೀಗರು ಏನೆಂದುಕೊಂಡರೋ ನಾನು ಕೇಳಲಿಲ್ಲ.

ಅಕ್ಕ ಇನ್ನು ಬದಲಾದಳು ಎಂದುಕೊಂಡಿರೇನು? ಗೂಡು ಬಿಡಿಸಿ ಕಳಿಸಿದ ಮಾರನೆಯ ಶನಿವಾರ ಮತ್ತೆ ಪಾಪನಿವೇದನೆಗೆ ಹೊರಟಳು!

"ಪಾಪ ಅಲ್ಲ ಅಂತ ನೀನೇ ಅಂದೆಯಲ್ಲಕ್ಕ?" ಎಂದೆ.

"ಪಾಪ ಅಂತ ಯಾರ್ಲಾ ಅಂದ್ರು? ಬೈದದ್ದು ಏಳಕ್ಕೆ ಓಯ್ತೀನಿ. ಅಂಗೇ ಉಳದ ಸುದ್ದಿನೂ ಏಳ್ಬುಟ್ಟು ಬತ್ತೀನಿ. ಸಾಮಿಗೂ ರೂಢಿ ಆಗ್ಬುಟ್ಟದೆ."

ಆ ಶನಿವಾರ ಈಸ್ಟರ್ ಹತ್ತಿರದಲ್ಲೆಲ್ಲೂ ಇರಲಿಲ್ಲ. ಆದರೂ ಸಾಲಿನಲ್ಲಿ ಅಕ್ಕನ ಹಿಂದೆ ನಾನು ನಿಂತೆ. ನನ್ನ ಹಳೆಯ ಮೂರು ಪಾಪದ ಜೊತೆ ನಾಲ್ಕನೆಯದೊಂದು ಹೊಸದು ಹೇಳಿದೆ. ಅದೇನೆಂದು ನೀವೇ ತಿಳಿದುಕೊಂಡಿರುತ್ತೀರಿ. ಕೇಳಿದ್ದನ್ನು ಗುರುಗಳು ಹೇಳುವಂತಿಲ್ಲ, ಪ್ರಾಯಶ್ಚಿತ್ತವನ್ನು ನಾನು ಹೇಳಬಹುದು. ದಿನಾ ಸಂಜೆ ಅಕ್ಕನಿಗೆ ಒಂದು ಹೊರೆ ಸೊಪ್ಪು.

"ಎಷ್ಟು ದಿನ ಸ್ವಾಮಿ?" ಎಂದು ಕೇಳಿದೆ.

"ಅಕ್ಕ ಸಾಕು ಅನ್ನುವವರೆಗೆ" ಎಂದರು.

ನಮ್ಮಕ್ಕ ಯಾವತ್ತು ಸಾಕು ಅಂದವಳು? ಹಾಗಾಗಿ ಈಗ ಹೊಸ ಬೆಳೆಗೆ ಸೊಪ್ಪು ಹೊರುವವನು ನಾನೇ. ನಿನ್ನೆ ಸಂಜೆ ಹೊರೆ ಇಳಿಸಿ, ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋದೆ. ಅಕ್ಕ ಆ ಕಡೆಯ ಮೂಲೆಯಲ್ಲಿದ್ದಳು. ಕಿವಿ ಮಂದ, ಕೇಳುವುದಿಲ್ಲ ಎಂದುಕೊಂಡು ನಾನು ತಟ್ಟೆಯ ಮೇಲೆ ಬಗ್ಗಿ, ನನ್ನನ್ನು ಬದುಕಿಸಿದ್ದಕ್ಕೆ ಆ ಬಾಯಿಲ್ಲದ ಜೀವಗಳಿಗೆ ಮೆತ್ತಗೆ ಒಂದು ಮಾತು ಹೇಳಿದೆ. ಒಂದು ಆಯಸ್ಸಿನಷ್ಟು ತಡವಾಗಿತ್ತು, ಆದರೂ ಹೇಳಿದೆ.

ಮೂಲೆಯಿಂದ ಅಕ್ಕ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಗದರಿದಳು.

"ಮಾತಾಡ್ತಾ ನಿಂತ್ಕಬ್ಯಾಡ ಕಣ್ಲಾ, ಸೊಪ್ಪು ಆಕು. ಅಸ್ಕಂಡವೆ."